ಎಸ್‌ಜಿಡಿ ವಿಮರ್ಶೆ: ಸಿಸ್ಟೀನ್ ಜೀನ್‌ಗಳ ಬೆನ್ನು ಹತ್ತಿ

ಯೀಸ್ಟ್ ಮೇಲೆ ಕೆಲಸ ಮಾಡುವ ಯಾರನ್ನು ಕೇಳಿದರೂ ಎಸ್‌ಜಿಡಿ ಗೊತ್ತಿರುತ್ತದೆ. ಪೂರ್ತಿ ಹೆಸರು ಸ್ಯಾಕರೊಮೈಸಿಸ್ ಜೀನೋಮ್ ಡೇಟಾಬೇಸ್. ಬ್ರೆಡ್ಡಿಗೆ, ಬಿಯರಿಗೆ ಬಳಸುವ ಯೀಸ್ಟ್ ಇದೆಯಲ್ಲ, ಅದರ ಒಂದೊಂದು ಜೀನಿಗೂ ಇಲ್ಲಿ ಒಂದೊಂದು ಪುಟ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೂತವರು ನಡೆಸುತ್ತಾರೆ. ಹಣ ಅಲ್ಲಿನ ಸರ್ಕಾರದ ಮಾನವ ಜೀನೋಮ್ ಸಂಶೋಧನಾ ಸಂಸ್ಥೆಯದು. ನಾವು ಒಂದು ರೂಪಾಯಿ ಕೊಡಬೇಕಾಗಿಲ್ಲ, ಲಾಗಿನ್ ಕೂಡ ಬೇಡ.

ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಜೆನೆಟಿಕ್ಸ್ ಹೇಳಿಕೊಡುತ್ತೇನೆ. ನಮ್ಮಂಥ ಕಡೆ ಜರ್ನಲ್ ಚಂದಾ ಕಡಿಮೆ, ಸ್ಟ್ರೈನ್ (ಅಂದರೆ ಯೀಸ್ಟಿನ ತಳಿ) ಕಡಿಮೆ, ಕೆಮಿಕಲ್ಲಿಗೆ ದುಡ್ಡು ಇನ್ನೂ ಕಡಿಮೆ. ಇಲ್ಲಿ ಕೂತು ವರ್ಷಗಟ್ಟಲೆ ಬಳಸಿದ ಮೇಲೆ ಹೇಳುತ್ತಿದ್ದೇನೆ: ಜೆನೆಟಿಕ್ಸ್ ಕಲಿಸೋಕೆ ಇದಕ್ಕಿಂತ ಒಳ್ಳೆಯ ಪುಕ್ಕಟೆ ಸೌಲಭ್ಯ ನನಗೆ ಸಿಕ್ಕಿಲ್ಲ. ಆದರೆ ಬಳಸುವ ರೀತಿ ಗೊತ್ತಿರಬೇಕು. ಬರೀ ಉತ್ತರ ಹುಡುಕಿಕೊಂಡು ಹೋದವರಿಗೆ ಅರ್ಧ ಲಾಭ. ಒಂದು ಜೀನಿನ ಬಗ್ಗೆ ಜನ ಹೇಗೆ ತಿಳಿದುಕೊಂಡರು, ಎಲ್ಲಿ ವಾದ ಆಯಿತು, ಯಾವ ತಿಳಿವಳಿಕೆ ಆಮೇಲೆ ಬದಲಾಯಿತು ಅಂತ ನೋಡಲು ಹೋದವರಿಗೆ ಪೂರ್ತಿ ಲಾಭ.

ಸುಮ್ನೆ ಹೊಗಳಿದರೆ ಪ್ರಯೋಜನ ಇಲ್ಲ, ಒಂದು ವಿಷಯ ಹಿಡಿದೇ ನೋಡೋಣ. ನಾನು ಪ್ರತಿ ಬ್ಯಾಚಿಗೂ ಕೊಡುವ ವಿಷಯ ಸಿಸ್ಟೀನ್.

ಸಿಸ್ಟೀನ್ ಗಂಧಕ ಇರುವ ಅಮೈನೊ ಆಮ್ಲ. ಪ್ರೋಟೀನಿಗೆ ಬೇಕು, ಕೋಶವನ್ನು ವಿಷದಿಂದ ಕಾಯುವ ಗ್ಲುಟಾಥಯೋನ್ ಮಾಡೋಕೆ ಬೇಕು, ಕಬ್ಬಿಣ-ಗಂಧಕದ ಗೊಂಚಲುಗಳಿಗೂ ಗಂಧಕ ಇದರಿಂದಲೇ ಬರಬೇಕು. ನಮ್ಮ ದೇಹಕ್ಕೆ ಸಲ್ಫೇಟಿನಿಂದ ಇದನ್ನು ಮಾಡಲು ಬರಲ್ಲ, ಊಟದಲ್ಲಿ ಮೆಥಿಯೋನಿನ್ ಅನ್ನುವ ಇನ್ನೊಂದು ಗಂಧಕದ ಅಮೈನೊ ಆಮ್ಲ ಬರಲೇಬೇಕು. ಯೀಸ್ಟಿಗೆ ಬರುತ್ತದೆ. ಹೊರಗಿನ ಸಲ್ಫೇಟನ್ನು ಒಳಗೆ ಎಳೆದುಕೊಂಡು, ಮೆಟ್3, ಮೆಟ್14, ಮೆಟ್16 ಜೀನ್‌ಗಳ ಕಿಣ್ವಗಳಿಂದ ಸಲ್ಫೈಟ್ ಮಾಡುತ್ತದೆ. ಆಮೇಲೆ ಮೆಟ್5, ಮೆಟ್10 ಸೇರಿ ಕಟ್ಟುವ ಕಿಣ್ವ ಅದನ್ನು ಸಲ್ಫೈಡ್ ಮಾಡುತ್ತದೆ. ಆ ಸಲ್ಫೈಡ್ ಒಂದು ಇಂಗಾಲದ ಸರಪಳಿಗೆ ಸೇರಿ ಹೋಮೊಸಿಸ್ಟೀನ್ ಆಗುತ್ತದೆ. ಅಲ್ಲಿಂದ ಎರಡೇ ಹೆಜ್ಜೆ. ಸಿಸ್4 ಜೀನಿನ ಕಿಣ್ವ ಹೋಮೊಸಿಸ್ಟೀನಿಗೆ ಸೆರಿನ್ ಜೋಡಿಸಿ ಸಿಸ್ಟಾಥಯೋನಿನ್ ಮಾಡುತ್ತದೆ, ಸಿಸ್3 ಜೀನಿನ ಕಿಣ್ವ ಅದನ್ನು ಮುರಿದು ಸಿಸ್ಟೀನ್ ಬಿಡಿಸುತ್ತದೆ.

ಎಸ್‌ಜಿಡಿ ಹುಡುಕು ಪೆಟ್ಟಿಗೆಯಲ್ಲಿ ಸಿಸ್3 ಅಂತ ಟೈಪ್ ಮಾಡಿದರೆ ನೇರ ಅದರ ಪುಟಕ್ಕೇ ಹೋಗುತ್ತೀರಿ. ಮೇಲ್ಗಡೆ ಎರಡು ಮೂರು ಸಾಲಿನ ವಿವರಣೆ. ಇದನ್ನು ಯಾವುದೋ ಪ್ರೋಗ್ರಾಂ ಬರೆದದ್ದಲ್ಲ, ಪ್ರಬಂಧ ಓದಿ ಸಾರ ಬರೆಯಲೆಂದೇ ಅಲ್ಲಿ ವಿಜ್ಞಾನಿಗಳಿದ್ದಾರೆ. ಓದುವಾಗಲೇ ಆ ವ್ಯತ್ಯಾಸ ಗೊತ್ತಾಗುತ್ತದೆ. ವಾಕ್ಯದಲ್ಲಿ ಒಂದು ಪದ ಕೂಡ ಜಾಸ್ತಿ ಇರಲ್ಲ.

ಅದರ ಪಕ್ಕದಲ್ಲೇ ಇನ್ನೊಂದು ಹೆಸರು ಕಾಣುತ್ತದೆ: ವೈಎಎಲ್012ಡಬ್ಲ್ಯೂ. ಮಕ್ಕಳು ಇದನ್ನು ನೋಡಿದ ತಕ್ಷಣ ಮುಖ ತಿರುಗಿಸುತ್ತಾರೆ. ಬೆಂಗಳೂರಲ್ಲಿ ಮನೆ ನಂಬರ್, ಕ್ರಾಸ್, ಮೇನ್ ಅಂತ ವಿಳಾಸ ಹೇಳುತ್ತಾರಲ್ಲ, ಇದೂ ಹಾಗೇ ಅಂತ ಹೇಳಿಕೊಡುತ್ತೇನೆ. ವೈ ಅಂದರೆ ಯೀಸ್ಟ್. ಎ ಅಂದರೆ ಒಂದನೇ ಕ್ರೋಮೋಸೋಮ್. ಎಲ್ ಅಂದರೆ ಎಡ ತೋಳು. 012 ಅಂದರೆ ಸೆಂಟ್ರೋಮಿಯರಿನಿಂದ (ಎರಡು ತೋಳು ಸೇರುವ ಜಾಗದಿಂದ) ಎಣಿಸುತ್ತಾ ಹೋದರೆ ಹನ್ನೆರಡನೆಯದು. ಕೊನೆಯ ಡಬ್ಲ್ಯೂ ಡಿಎನ್ಎಯ ಯಾವ ಎಳೆ ಅನ್ನೋದಕ್ಕೆ. ಈಗ ಸಿಸ್4 ನೋಡಿ: ವೈಜಿಆರ್155ಡಬ್ಲ್ಯೂ. ಏಳನೇ ಕ್ರೋಮೋಸೋಮಿನ ಬಲ ತೋಳು. ಒಂದೇ ದಾರಿಯ ಎರಡು ಅಕ್ಕಪಕ್ಕದ ಹೆಜ್ಜೆಗಳು, ಜೀನ್‌ಗಳು ಮಾತ್ರ ಬೇರೆ ಬೇರೆ ಕ್ರೋಮೋಸೋಮಿನಲ್ಲಿ! ಬ್ಯಾಕ್ಟೀರಿಯಾದ ಒಪೆರಾನ್, ಅಂದರೆ ಒಂದೇ ಕೆಲಸದ ಜೀನ್‌ಗಳು ಅಕ್ಕಪಕ್ಕ ಕೂತ ಸಾಲು, ಓದಿಕೊಂಡು ಬಂದ ಮಕ್ಕಳಿಗೆ ಇದು ಇಲ್ಲೇ ಕಣ್ಣಿಗೆ ಬೀಳುತ್ತದೆ. ಪಾಠ ಮಾಡಿ ಹೇಳುವ ಅಗತ್ಯವೇ ಬರಲ್ಲ.

ಈ ವಿಳಾಸಗಳು ಬಂದದ್ದು ಪೂರ್ತಿ ಜೀನೋಮ್ ಓದಿ ಮುಗಿಸಿದ ಯೋಜನೆಯಿಂದ. 1996ರಲ್ಲಿ ಮುಗಿಯಿತು. 16 ಕ್ರೋಮೋಸೋಮ್, ಸುಮಾರು 1.2 ಕೋಟಿ ಅಕ್ಷರ, ಸುಮಾರು 6000 ಜೀನ್. ನ್ಯೂಕ್ಲಿಯಸ್ ಇರುವ ಜೀವಿಗಳಲ್ಲಿ ಮೊದಲು ಪೂರ್ತಿ ಓದಿದ್ದು ಇದನ್ನೇ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಫಿನೋಟೈಪ್ ಟ್ಯಾಬ್. ಜೀನ್ ಕೆಟ್ಟರೆ ಯೀಸ್ಟಿನಲ್ಲಿ ಏನು ಬದಲಾಗಿ ಕಾಣುತ್ತದೆ ಅನ್ನುವ ಪಟ್ಟಿ.

ಯೀಸ್ಟಿನಲ್ಲಿ ಗಂಧಕ ಎರಡೂ ದಿಕ್ಕಿಗೆ ಓಡಾಡುತ್ತದೆ. ಹೋಮೊಸಿಸ್ಟೀನಿನಿಂದ ಸಿಸ್ಟೀನಿಗೆ ಹೋಗಲು ಸಿಸ್4, ಸಿಸ್3. ಸಿಸ್ಟೀನಿನಿಂದ ವಾಪಸ್ ಹೋಮೊಸಿಸ್ಟೀನಿಗೆ ಬರಲು ಎಸ್‌ಟಿಆರ್2, ಎಸ್‌ಟಿಆರ್3. ಎರಡೂ ಕಡೆ ನಡುವೆ ಸಿಗುವುದು ಸಿಸ್ಟಾಥಯೋನಿನ್ನೇ. ಪುಸ್ತಕದಲ್ಲಿ ಬಾಣದ ಗುರುತು ಹಾಕಿರುತ್ತಾರೆ, ಮಕ್ಕಳು ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನಾನು ಬಾಣ ಅಳಿಸಿ ಕೊಡುತ್ತೇನೆ. ಮ್ಯೂಟೆಂಟ್‌ಗಳ (ಜೀನ್ ಕೆಟ್ಟ ಯೀಸ್ಟ್‌ಗಳ) ಪುಟ ನೋಡಿ, ಬಾಣ ನೀವೇ ಹಾಕಿ ಅನ್ನುತ್ತೇನೆ.

ಸಿಸ್4 ಕಿತ್ತು ಹಾಕಿದ ಯೀಸ್ಟ್ ಸಿಸ್ಟೀನ್ ಇಲ್ಲದ ಪ್ಲೇಟಿನಲ್ಲಿ ಬೆಳೆಯಲ್ಲ. ಮೆಥಿಯೋನಿನ್ ಕೊಟ್ಟರೂ ಬೆಳೆಯಲ್ಲ, ಯಾಕೆಂದರೆ ಮೆಥಿಯೋನಿನ್ ತಿರುಗಿ ಹೋಮೊಸಿಸ್ಟೀನಿನ ಹತ್ತಿರವೇ ಬಂದು ನಿಲ್ಲುತ್ತದೆ. ಸಿಸ್ಟಾಥಯೋನಿನ್ ಕೊಟ್ಟರೆ ಬೆಳೆಯುತ್ತದೆ. ಸಿಸ್3 ಕಿತ್ತದ್ದಕ್ಕೆ ಸಿಸ್ಟಾಥಯೋನಿನ್ ಕೂಡ ಸಾಕಾಗಲ್ಲ, ಸಿಸ್ಟೀನ್ ಇಲ್ಲವೇ ಗ್ಲುಟಾಥಯೋನ್ ಬೇಕೇ ಬೇಕು. ಇಷ್ಟು ಗೊತ್ತಾದರೆ ಯಾವುದು ಮೊದಲ ಹೆಜ್ಜೆ, ಯಾವುದು ಎರಡನೆಯದು ಅಂತ ಪಿ.ಯು. ಓದುವ ಹುಡುಗರೂ ಹೇಳಬಲ್ಲರು. ಸಿಸ್ಟಾಥಯೋನಿನ್ ದುಬಾರಿ, ನಮ್ಮ ಲ್ಯಾಬಿಗೆ ತರಿಸುವ ಮಾತೇ ಇಲ್ಲ. ಆ ಒಂದು ಪ್ಲೇಟನ್ನು ಪ್ರಬಂಧದಿಂದ ತೋರಿಸುತ್ತೇನೆ. ಮೆಥಿಯೋನಿನ್, ಸಿಸ್ಟೀನ್, ಗ್ಲುಟಾಥಯೋನ್ ಪ್ಲೇಟುಗಳನ್ನು ಮಕ್ಕಳೇ ಹಾಕುತ್ತಾರೆ.

ಈ ಟ್ಯಾಬಿನಲ್ಲಿ ಒಂದು ಕಾಲಂ ಇದೆ, ಅದನ್ನು ಜನ ನೋಡುವುದೇ ಇಲ್ಲ. ಪ್ರಯೋಗ ಯಾವ ಬಗೆಯದು ಅಂತ ಹೇಳುವ ಕಾಲಂ. ಒಬ್ಬರು ಕೂತು ಆ ಒಂದೇ ಜೀನಿನ ಮೇಲೆ ಮಾಡಿದ ಕೆಲಸ ಬೇರೆ. ಸಾವಿರಾರು ಮ್ಯೂಟೆಂಟ್‌ಗಳನ್ನು ಒಟ್ಟಿಗೆ ರೋಬೋಟಿನಲ್ಲಿ ಹಾಕಿ ಕಂಡದ್ದು ಬೇರೆ. ಸಿಸ್4 ಪುಟದಲ್ಲಿ ಎರಡನೇ ಬಗೆಯ ಸಾಲುಗಳು ಎಷ್ಟಿವೆ ಅಂದರೆ ಅದು ಇಲ್ಲದಿದ್ದರೆ ಯೀಸ್ಟಿಗೆ ಎಲ್ಲ ಕಾಯಿಲೆಯೂ ಬರುತ್ತದೆ ಅನಿಸುತ್ತದೆ. ಅದೂ ಸುಳ್ಳೇನಲ್ಲ. ಸಿಸ್ಟೀನ್ ಕಡಿಮೆ ಆದರೆ ಗ್ಲುಟಾಥಯೋನ್ ಕಡಿಮೆ ಆಗುತ್ತದೆ, ಆಮೇಲೆ ಯಾವ ವಿಷ ಹಾಕಿದರೂ ಕೋಶ ಸೋಲುತ್ತದೆ. ಆದರೆ ಯಾವುದು ನೇರ ಪರಿಣಾಮ, ಯಾವುದು ಸುತ್ತಿ ಬಳಸಿ ಬಂದದ್ದು ಅಂತ ಟೇಬಲ್ ಹೇಳಲ್ಲ. ಅದನ್ನು ನಾವೇ ಬಿಡಿಸಿಕೊಳ್ಳಬೇಕು. ಪಕ್ಕದಲ್ಲೇ ಸ್ಟ್ರೈನ್ ಯಾವುದು ಅಂತಲೂ ಬರೆದಿರುತ್ತದೆ, ಅದನ್ನೂ ಓದಿ. ಯಾಕೆ ಅಂತ ಹೇಳುತ್ತೇನೆ.

ಜಗತ್ತಿನ ಯೀಸ್ಟ್ ಲ್ಯಾಬ್‌ಗಳಲ್ಲಿ ಬಿವೈ4741 ಅನ್ನುವ ಸ್ಟ್ರೈನ್ ತುಂಬಾ ಓಡುತ್ತದೆ. ಅದರಲ್ಲಿ ಮೆಟ್15 ಜೀನನ್ನು ಬೇಕೆಂದೇ ತೆಗೆದಿದ್ದಾರೆ. ಸಲ್ಫೈಡನ್ನು ಇಂಗಾಲದ ಸರಪಳಿಗೆ ಸೇರಿಸಿ ಹೋಮೊಸಿಸ್ಟೀನ್ ಮಾಡುವ ಕಿಣ್ವದ ಜೀನ್ ಅದು. ಅಂದರೆ ಈ ಸ್ಟ್ರೈನಿನಲ್ಲಿ ಗಂಧಕದ ದಾರಿ ಮೊದಲೇ ಕಡಿದಿದೆ. ಅದರ ಜೋಡಿ ಬಿವೈ4742ರಲ್ಲಿ ಈ ಜೀನ್ ಇದೆ, ಅಲ್ಲಿ ಲೈಸಿನ್ ಜೀನ್ ಇಲ್ಲ. ಹಾಗಾಗಿ ಸಿಸ್ಟೀನ್ ಪ್ರಾಕ್ಟಿಕಲ್ ಮಾಡುವವರು ಮ್ಯೂಟೆಂಟ್ ತರಿಸುವಾಗ ಬಿವೈ4742 ಹಿನ್ನೆಲೆಯದನ್ನೇ ಕೇಳಿ. ಇಲ್ಲವಾದರೆ ಪ್ಲೇಟಿನಲ್ಲಿ ಬೆಳೆಯದೇ ಇದ್ದದ್ದು ಯಾವ ಜೀನ್ ಇಲ್ಲದ್ದಕ್ಕೆ ಅಂತ ಗೊತ್ತೇ ಆಗಲ್ಲ.

ಮೆಟ್15 ಅಂತ ಹುಡುಕಿದರೂ, ಮೆಟ್17 ಅಂತ ಹುಡುಕಿದರೂ, ಮೆಟ್25 ಅಂತ ಹುಡುಕಿದರೂ ಎಸ್‌ಜಿಡಿ ಒಂದೇ ಪುಟಕ್ಕೆ ಕರೆದುಕೊಂಡು ಹೋಗುತ್ತದೆ. "ಮೇಡಂ, ಒಂದೇ ಜೀನಿಗೆ ಮೂರು ಹೆಸರು ಯಾಕೆ?" ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬೇರೆ ಬೇರೆ ಲ್ಯಾಬಿನವರು ಬೇರೆ ಬೇರೆ ಮ್ಯೂಟೆಂಟ್ ಹಿಡಿದು ನಂಬರ್ ಕೊಟ್ಟರು, ಆಮೇಲೆ ನೋಡಿದರೆ ಎಲ್ಲ ಒಂದೇ ಜೀನ್. ಇಂಥ ಹಳೆಯ ಹೆಸರುಗಳನ್ನು ಬಿಸಾಕದೆ ಇಟ್ಟುಕೊಂಡಿರುವುದು ಈ ಡೇಟಾಬೇಸ್ ಮಾಡಿರುವ ದೊಡ್ಡ ಉಪಕಾರ. 1970ರ ದಶಕದ ಪ್ರಬಂಧ ಕೈಗೆ ಸಿಕ್ಕಿದರೂ ಅದರೊಳಗಿನ ಹೆಸರನ್ನು ಇವತ್ತಿನ ಜೀನಿಗೆ ಜೋಡಿಸಬಹುದು.

ಈ ಮೆಟ್15 ಇಲ್ಲದ ಯೀಸ್ಟನ್ನು ಕಣ್ಣಿಂದಲೇ ಗುರುತಿಸಬಹುದು. ಸಲ್ಫೈಡ್ ಖರ್ಚಾಗದೆ ಉಳಿದು, ಹೈಡ್ರೋಜನ್ ಸಲ್ಫೈಡ್ ಆಗಿ ಹೊರಗೆ ಬರುತ್ತದೆ. ಸೀಸದ ಲವಣ ಇರುವ ಅಗಾರಿನಲ್ಲಿ ಕಾಲೊನಿ ಕಪ್ಪಾಗುತ್ತದೆ, ಸೀಸದ ಸಲ್ಫೈಡ್ ಕಪ್ಪು ತಾನೇ. ನಾನು ಮಕ್ಕಳ ಕೈಗೆ ಸೀಸ ಕೊಡಲ್ಲ. ಬಿಸ್ಮತ್ ಇರುವ ಅಗಾರ್ ಬಳಸುತ್ತೇನೆ. ಕಂದು ಬಣ್ಣ ಚೆನ್ನಾಗಿ ಬರುತ್ತದೆ, ವಿಲೇವಾರಿ ತಲೆನೋವೂ ಕಡಿಮೆ. ಒಂದೇ ಪ್ಲೇಟಿನ ಅರ್ಧದಲ್ಲಿ 4741, ಇನ್ನರ್ಧದಲ್ಲಿ 4742 ಎಳೆದು ಇನ್‌ಕ್ಯುಬೇಟರಿನಲ್ಲಿಡಿ. ತೆಗೆದು ನೋಡಿದಾಗ ಒಂದು ಕಡೆ ತೆಳು ಬಣ್ಣ, ಇನ್ನೊಂದು ಕಡೆ ಗಾಢ ಕಂದು, ನಡುವೆ ಗೆರೆ ಹೊಡೆದ ಹಾಗೆ ಕಾಣುತ್ತದೆ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ. ವೈನ್ ಮಾಡುವವರಿಗೆ ಈ ವಾಸನೆಯೇ ಶತ್ರು. ಅದಕ್ಕೇ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮೆಟ್10 ಜೀನಿನ ಒಂದು ರೂಪ ಹುಡುಕಿ, ಹೈಡ್ರೋಜನ್ ಸಲ್ಫೈಡ್ ಬಿಡದ ವೈನ್ ಯೀಸ್ಟ್ ಬೆಳೆಸಿದ್ದಾರೆ.

ಈಗ ನಿಜವಾದ ಕಥೆಗೆ ಬರೋಣ. ಮೆಟ್15 ಇಲ್ಲದಿದ್ದರೆ ಮೆಥಿಯೋನಿನ್ ಕೊಡದೆ ಯೀಸ್ಟ್ ಬೆಳೆಯಲ್ಲ ಅಂತ ದಶಕಗಳಿಂದ ಎಲ್ಲರೂ ಪಾಠ ಮಾಡುತ್ತಿದ್ದೆವು. 2022ರಲ್ಲಿ ಎರಡು ಗುಂಪುಗಳು, ಒಂದು ಪಿಟ್ಸ್‌ಬರ್ಗ್‌ನ ಆ್ಯನ್-ರುಕ್ಸಾಂಡ್ರಾ ಕಾರ್ವುನಿಸ್ ಅವರದು, ಇನ್ನೊಂದು ಮಾರ್ಕುಸ್ ರಾಲ್ಸರ್ ಅವರದು, ಬೇರೆ ಬೇರೆಯಾಗಿ ಒಂದೇ ವಿಷಯ ತೋರಿಸಿದವು. ದಟ್ಟವಾಗಿ ಹಚ್ಚಿದರೆ ಈ ಯೀಸ್ಟ್ ಮೆಥಿಯೋನಿನ್ ಇಲ್ಲದೆಯೂ ಬೆಳೆಯುತ್ತದೆ! ವೈಎಲ್ಎಲ್058ಡಬ್ಲ್ಯೂ ಅನ್ನುವ, ಏನು ಮಾಡುತ್ತದೆ ಅಂತಲೇ ತಿಳಿಯದಿದ್ದ ಜೀನಿನ ಕಿಣ್ವ ಮೆಟ್15ರ ಕೆಲಸವನ್ನು ಮಾಡಬಲ್ಲದು, ಆದರೆ ಅಷ್ಟು ಚುರುಕಾಗಿ ಅಲ್ಲ. ಬೆಳವಣಿಗೆ ನಿಲ್ಲುವುದಕ್ಕೆ ದೊಡ್ಡ ಕಾರಣ, ಒಳಗೆ ತುಂಬಿಕೊಳ್ಳುವ ಹೈಡ್ರೋಜನ್ ಸಲ್ಫೈಡಿನ ವಿಷ. ಆ ಅನಿಲವನ್ನು ಹಿಡಿದಿಡುವ ಪದಾರ್ಥ ಹಾಕಿದರೆ ಬೆಳವಣಿಗೆ ಬರುತ್ತದೆ. ಅಂದರೆ ಬಿಸ್ಮತ್ ಪ್ಲೇಟಿನಲ್ಲಿ ನಾವು ಬಣ್ಣವಾಗಿ ನೋಡುತ್ತಿದ್ದ ಅದೇ ಸಲ್ಫೈಡ್!

ಇವತ್ತು ಆ ಜೀನಿಗೆ ಎಚ್‌ಎಸ್‌ಯು1 ಅಂತ ಹೆಸರಿದೆ. ಎಸ್‌ಜಿಡಿ ಪುಟದಲ್ಲಿ ಹೊಸ ಹೆಸರು, ಹೊಸ ಕೆಲಸ, ಆಧಾರವಾದ ಪ್ರಬಂಧ ಎಲ್ಲ ಇದೆ. ಮೊದಲು ಇದು ಎಸ್‌ಟಿಆರ್2 ಪ್ರೋಟೀನನ್ನು ಹೋಲುತ್ತದೆ ಅನ್ನೋದಷ್ಟೇ ಗೊತ್ತಿದ್ದದ್ದು. ಈ ಒಂದು ಪುಟವನ್ನು ನಾನು ಎಲ್ಲ ಮಕ್ಕಳಿಗೂ ತೋರಿಸುತ್ತೇನೆ. ನಾವು ಕಲಿಸುವ ಪುಸ್ತಕದಲ್ಲಿ ಇದು ಬರೋಕೆ ಇನ್ನೂ ಎಷ್ಟು ವರ್ಷ ಬೇಕೋ.

ಸಿಸ್4 ಪುಟದ ಹಳೆಯ ಹೆಸರುಗಳಲ್ಲಿ ವಿಎಂಎ41 ಅಂತ ಒಂದಿದೆ. ವಿಎಂಎ ಅಂದರೆ ಕೋಶದೊಳಗಿನ ವ್ಯಾಕ್ಯುಯೋಲನ್ನು ಹುಳಿಯಾಗಿಸುವ ಪಂಪಿಗೆ ಸಂಬಂಧಪಟ್ಟ ಜೀನ್‌ಗಳು. ಸಿಸ್ಟೀನಿಗೂ ಅದಕ್ಕೂ ಏನು ಸಂಬಂಧ? ಲಿಟರೇಚರ್ ಟ್ಯಾಬ್ ತೆರೆದರೆ 1997ರ ಪ್ರಬಂಧ ಸಿಗುತ್ತದೆ. ಪಂಪ್ ಕೆಟ್ಟ ಮ್ಯೂಟೆಂಟ್ ಹುಡುಕುತ್ತಾ ಹೋದವರು ಸಿಸ್4 ಹತ್ತಿರ ಬಂದು ನಿಂತಿದ್ದಾರೆ. ಸಿಸ್ಟೀನ್ ಇಲ್ಲದೆ ಗ್ಲುಟಾಥಯೋನ್ ಕುಸಿದರೆ ಪಂಪಿನ ಕೆಲಸವೂ ತಗ್ಗುತ್ತದೆ. ಒಂದು ಅಡ್ಡಹೆಸರಿನ ಹಿಂದೆ ಇಷ್ಟು ವಿಷಯ ಇದೆ.

ಇದೇ ಪುಟದಿಂದ ಮನುಷ್ಯರ ಕಡೆಗೂ ಹೋಗಬಹುದು. ನಮ್ಮಲ್ಲಿ ಸಿಸ್4ಕ್ಕೆ ಸಮನಾದ ಜೀನ್ ಸಿಬಿಎಸ್, 21ನೇ ಕ್ರೋಮೋಸೋಮಿನಲ್ಲಿದೆ. ಅದು ಕೆಟ್ಟರೆ ಹೋಮೊಸಿಸ್ಟಿನೂರಿಯಾ. ರಕ್ತದಲ್ಲಿ ಹೋಮೊಸಿಸ್ಟೀನ್ ಏರುತ್ತದೆ, ಕಣ್ಣಿನ ಮಸೂರ ಜಾರುತ್ತದೆ, ಮೂಳೆ ಹಾಳಾಗುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. 1994ರಲ್ಲಿ ಕ್ರೂಗರ್ ಮತ್ತು ಕಾಕ್ಸ್ ಸಿಸ್4 ಇಲ್ಲದ ಯೀಸ್ಟಿಗೆ ಮನುಷ್ಯರ ಸಿಬಿಎಸ್ ಜೀನ್ ಹಾಕಿ, ಸಿಸ್ಟೀನ್ ಇಲ್ಲದೆ ಬೆಳೆಯುವುದನ್ನು ತೋರಿಸಿದರು. ಅಲ್ಲಿಂದ ಮುಂದೆ ರೋಗಿಗಳಲ್ಲಿ ಕಂಡ ಬದಲಾವಣೆಗಳನ್ನು ಯೀಸ್ಟಿನಲ್ಲಿಟ್ಟು ಪರೀಕ್ಷೆ ಮಾಡಬಹುದಾಯಿತು. ಕೆಲವು ರೋಗಿಗಳಿಗೆ ವಿಟಮಿನ್ ಬಿ6 ಕೊಟ್ಟರೆ ಗುಣ ಕಾಣುತ್ತದೆ, ಯಾಕೆಂದರೆ ಈ ಕಿಣ್ವ ಕೆಲಸ ಮಾಡುವುದೇ ಬಿ6ರ ಸಹಾಯದಿಂದ. ಯೀಸ್ಟಿನ ಕಿಣ್ವಕ್ಕೂ ಅದೇ ಬೇಕು. ಒಂದು ವ್ಯತ್ಯಾಸ ಮಾತ್ರ ನೆನಪಿಡಿ: ಮನುಷ್ಯರ ಕಿಣ್ವದಲ್ಲಿ ಹೀಮ್ ಅನ್ನುವ ಕಬ್ಬಿಣದ ತುಣುಕು ಇದೆ, ಯೀಸ್ಟಿನದರಲ್ಲಿ ಇಲ್ಲ. ಸೀಕ್ವೆನ್ಸ್ ಟ್ಯಾಬಿನಿಂದ ಯೀಸ್ಟಿನ 507 ಅಮೈನೊ ಆಮ್ಲಗಳ ಸಾಲನ್ನು ಇಳಿಸಿಕೊಂಡು ಮನುಷ್ಯರ 551ರ ಜೊತೆ ಜೋಡಿಸಿ ನೋಡಿದರೆ, ಹೀಮ್ ಕೂರುವ ಮುಂಭಾಗ ನಮ್ಮದರಲ್ಲಿ ಹೆಚ್ಚುವರಿಯಾಗಿ ಎದ್ದು ಕಾಣುತ್ತದೆ.

ಕೊರತೆಗಳೂ ಇವೆ, ಹೇಳಬೇಕು. ಪ್ರತಿ ಪುಟದಲ್ಲೂ ಟ್ಯಾಬ್ ಸಾಲು ಸಾಲು. ಹೊಸಬರಿಗೆ ಎಲ್ಲಿ ಶುರು ಮಾಡೋದು ಅಂತ ತಿಳಿಯಲ್ಲ. ಒಂದೊಂದು ಜೀನಿನ ಪುಟ ಭರ್ತಿ ಇದೆ, ಆದರೆ ಜೀನ್‌ಗಳನ್ನು ಸೇರಿಸಿ ದಾರಿಯಾಗಿ ನೋಡಬೇಕಂದರೆ ಯೀಸ್ಟ್‌ಪಾತ್‌ವೇಸ್ ಅನ್ನುವ ಬೇರೆ ಜಾಗಕ್ಕೆ ಹೋಗಬೇಕು. ಅಲ್ಲಿನ ಚಿತ್ರಗಳು ಸರಿಯಾಗಿವೆ, ಆದರೆ ತುಂಬಾ ಒಣ. ನಿಯಂತ್ರಣದ ವಿಷಯದಲ್ಲೂ ಇದೇ ಕಥೆ. ಮೆಟ್4 ಅನ್ನುವ ಪ್ರೋಟೀನ್ ಈ ಎಲ್ಲ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಗಂಧಕ ಸಾಕಷ್ಟಿದ್ದಾಗ ಮೆಟ್30 ಅದಕ್ಕೆ ಯುಬಿಕ್ವಿಟಿನ್ ಅನ್ನುವ ಪುಟ್ಟ ಪ್ರೋಟೀನ್ ಅಂಟಿಸಿ ಸುಮ್ಮನಿರಿಸುತ್ತದೆ. ಆ 'ಸಾಕು' ಅನ್ನುವ ಸಂದೇಶಕ್ಕೆ ಸಿಸ್ಟೀನ್ ಬೇಕೇ ಬೇಕು ಅಂತ 2000ದಲ್ಲಿ ಹ್ಯಾನ್ಸೆನ್ ಮತ್ತು ಯೋಹಾನೆಸೆನ್ ತೋರಿಸಿದರು. ರೆಗ್ಯುಲೇಶನ್ ಟ್ಯಾಬಿನ ಪಟ್ಟಿಯಲ್ಲಿ ಯಾರು ಯಾರಿಗೆ ಅಂಟುತ್ತಾರೆ ಅನ್ನೋದು ಸಿಗುತ್ತದೆ. ಈ ಕಥೆ ಬೇಕಾದರೆ ಪ್ರಬಂಧವನ್ನೇ ಓದಬೇಕು.

ಇನ್ನೊಂದು ವಿಷಯ, ಹಳೆಯ ವಾದಗಳದ್ದು. ಬ್ಯಾಕ್ಟೀರಿಯಾ ಮತ್ತು ಗಿಡಗಳು ಸೆರಿನಿಗೆ ಅಸಿಟೈಲ್ ಜೋಡಿಸಿ, ಅದಕ್ಕೆ ಸಲ್ಫೈಡ್ ಸೇರಿಸಿ ನೇರವಾಗಿ ಸಿಸ್ಟೀನ್ ಮಾಡುತ್ತವೆ. ಈ ದಾರಿ ಬ್ರೆಡ್ ಯೀಸ್ಟಿನಲ್ಲೂ ಇದೆಯಾ? ಜಪಾನಿನ ಬುನ್-ಇಚಿರೊ ಒನೊ ಗುಂಪು ಸಿಸ್ಟೀನ್ ಮ್ಯೂಟೆಂಟ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಫ್ರಾನ್ಸಿನ ಶೆರೆ ಮತ್ತು ಸುರ್ದಾಂ-ಕೆರ್ಜಾಂ 1992ರಲ್ಲಿ ಹೋಮೊಸಿಸ್ಟೀನಿನ ದಾರಿಯೇ ದಾರಿ ಅಂತ ಗಟ್ಟಿ ಮಾಡಿದರು. ಸಿಸ್3 ಇಲ್ಲವೇ ಸಿಸ್4, ಒಂದನ್ನು ಕಿತ್ತರೂ ಯೀಸ್ಟ್ ಸಿಸ್ಟೀನಿಗೆ ಕೈಚಾಚುತ್ತದೆ ಅಂದರೆ ಬೇರೆ ದಾರಿ ಅದರ ಹೊಟ್ಟೆ ತುಂಬಿಸಲ್ಲ ಅಂತಲೇ ಅರ್ಥ. ನನಗೂ ಆ ವಾದವೇ ಸರಿ ಅನಿಸುತ್ತದೆ. ಈ ವಾದದ ತುಂಡುಗಳು ಎಸ್‌ಜಿಡಿಯ ಪ್ರಬಂಧ ಪಟ್ಟಿಯಲ್ಲಿ ಚದುರಿ ಹೋಗಿವೆ, ಒಂದು ಕಡೆ ಕೂಡಿಸಿಟ್ಟಿಲ್ಲ. ಇಂಥ ವಿಷಯಕ್ಕೆ ಒಂದು ಪುಟದ ಟಿಪ್ಪಣಿ ಬರೆದರೆ ನಮ್ಮಂಥ ಮೇಷ್ಟ್ರುಗಳಿಗೆ ಎಷ್ಟು ಅನುಕೂಲ, ಅಲ್ವಾ?

ಸೀಳಿ ಎರಡಾಗುವ ಯೀಸ್ಟ್, ಪಾಂಬೆ, ಅದರ ಕಥೆಯೇ ಬೇರೆ. ಅದು ಗಿಡಗಳ ಹಾಗೆ ನೇರ ದಾರಿ ಹಿಡಿಯುತ್ತದೆ, ಹೋಮೊಸಿಸ್ಟೀನಿನಿಂದ ಸಿಸ್ಟೀನಿಗೆ ಬರುವ ದಾರಿ ಅದರಲ್ಲಿಲ್ಲ. ಅದಕ್ಕೆ ಎಸ್‌ಜಿಡಿಯಲ್ಲಿ ಹುಡುಕಬೇಡಿ, ಪಾಂಬೇಸ್ ಅನ್ನುವ ಬೇರೆ ಡೇಟಾಬೇಸ್ ಇದೆ. ಅದೂ ಪುಕ್ಕಟೆಯೇ.

ಮೊದಲ ಸಲ ನೋಡುವವರು ಈ ಸಾಲಿನಲ್ಲಿ ಹೋಗಿ. ಸಿಸ್3ರ ಮೇಲಿನ ವಿವರಣೆ ಓದಿ. ಅಲ್ಲಿಂದ ಸಿಸ್4ರ ಫಿನೋಟೈಪ್ ಟ್ಯಾಬಿಗೆ ಬಂದು, ಒಂದೇ ಜೀನಿನ ಮೇಲೆ ಕೂತು ಮಾಡಿದ ಕೆಲಸಗಳನ್ನಷ್ಟೇ ನೋಡಿ. ಆಮೇಲೆ ಮೆಟ್15, ಕೊನೆಗೆ ಎಚ್‌ಎಸ್‌ಯು1. ಒಂದು ಮಧ್ಯಾಹ್ನ ಸಾಕು. ಫೋನಿನಲ್ಲಿ ಮಾತ್ರ ನೋಡಬೇಡಿ, ಟೇಬಲ್‌ಗಳು ಅಗಲ ಇವೆ, ನಾನು ಹೇಳಿದ ಆ ಪ್ರಯೋಗದ ಬಗೆಯ ಕಾಲಂ ತಪ್ಪಿ ಹೋಗುತ್ತದೆ.